ಅಳಿಸಿದ ಕೋಡ್ ಸಿಕ್ಕಿತು

ಜೇವರ್ಗಿ ಬಸ್ ನಿಲ್ದಾಣದಲ್ಲಿ ನನ್ನ ಪಕ್ಕ ಕುಳಿತಿದ್ದ ಯುವತಿಯನ್ನು ಹುಡುಕಿಕೊಂಡು ಒಬ್ಬ ಯುವಕ ಬಂದ. ಹೆಗಲಲ್ಲಿ ಲ್ಯಾಪ್‌ಟಾಪ್ ಚೀಲವಿತ್ತು.

“ಸಪ್ನಾ, ನೀ ಬರೆದಿದ್ದ ತೊಗರಿ ಖರೀದಿ ಆ್ಯಪಿನ ಕೋಡ್ ಸಿಕ್ತು.”

“ಎಲ್ಲಾ ಅಳಿಸಿಹೋಗೇದ ಅಂದಿದ್ರಲ್ಲ, ಗುರುಪಾದ?”

“ಕೋಡ್ ಕೂಡಿಡೋ ಗಿಟ್‌ನ್ಯಾಗ ಹಳೇ ಪ್ರತಿ ಉಳಿದಿರ್ತಾವ. ಅಲ್ಲಿಂದ ತೆಗದೇನಿ.”

“ಉಳಿದಿರ್ತಾವ ಅಂತ ನಿನಗ ಮೊದಲೇ ಗೊತ್ತಿತ್ತೇನು?”

ಅವನು ಹೆಗಲ ಚೀಲ ಕೆಳಗಿಳಿಸಿದ.

“ಗೊತ್ತಿತ್ತು.”

“ಮತ್ತ ಕೋಡ್ ನಾನೇ ಅಳಿಸೇನಿ ಅಂತ ನನ್ನನ್ನ ಕೆಲಸದಿಂದ ತೆಗೆದು ಹಾಕೂವಾಗ ಯಾಕ ಬಾಯಿ ಬಿಡ್ಲಿಲ್ಲ?”

“ನಿನ್ನ ಕೋಡಿನ ಮ್ಯಾಲ ನನ್ನ ಕೋಡ್ ಹಾಕಿ ಅಳಿಸಿದಾಂವ ನಾನೇ. ತೆಗದು ತೋರಿಸಿದ್ರ ಅದೂ ಹೊರಗ ಬರ್ತಿತ್ತು.”

“ಈಗ ಕಲಬುರಗಿ ಆಫೀಸಿನ ಸಾಹೇಬ್ರಿಗೆ ಹೇಳಿದೇನು?”

“ಕೋಡ್ ಸಿಕ್ಕದ ಅಂತ ಹೇಳೇನಿ. ಭಾಳ ಖುಷಿಯಾಗ್ಯಾರ.”

“ಯಾರು ಅಳಿಸಿದ್ರು ಅಂತ?”

“ಅದನ್ನ ಅವರು ಕೇಳ್ಲಿಲ್ಲ.”

“ಮತ್ತ ಇಲ್ಲಿತನಕ ಯಾಕ ಬಂದಿ?”

“ತೂಕದ ಲೆಕ್ಕದ ಭಾಗ ನನಗ ತಿಳೀವಲ್ದು. ನೀ ಒಂದೀಟು ತಿಳಿಸಿಕೊಟ್ರ...”

ಅವಳು ಅವನನ್ನು ನೋಡಿದಳು. ದನಿ ಏರಿಸಲಿಲ್ಲ.

“ಸಾಹೇಬ್ರನ್ನ ಕರ್ಕೊಂಡು ಬಾ. ಅವರ ಮುಂದ ಎಲ್ಲಾ ತಿಳಿಸಿಕೊಡ್ತೇನಿ.”

ನೆಲೋಗಿ ಬಸ್ ಬಂತು. ಅವಳು ಹತ್ತಿ ಕಿಟಕಿ ಪಕ್ಕ ಕುಳಿತಳು. ಅವನು ತುಸು ಹೊತ್ತು ಕೆಳಗೇ ನಿಂತು, ಆಮೇಲೆ ಕಲಬುರಗಿ ಬಸ್ಸಿನ ಕಡೆ ನಡೆದ.