ಎಲ್ಮರ್ ಟಾಲಿಯ ಏಳು ಸೋಲುಗಳು

ಆಡಳಿತ ಮಂಡಳಿಯ ಅಧ್ಯಕ್ಷರೇ, ನಮ್ಮ ಭಾಲ್ಕಿ ಕಾಲೇಜನ್ನು ನೋಡಿ ದರ್ಜೆ ಕೊಡಲು ಬಂದು ಊಟಕ್ಕೆ ಮುಂಚೆ ಈ ಸನ್ಮಾನಕ್ಕೂ ಸಿಕ್ಕಿಬಿದ್ದಿರುವ ಪರಿಶೀಲನಾ ಸಮಿತಿಯ ಅತಿಥಿಗಳೇ, ಪ್ರಾಂಶುಪಾಲ ಕಾಶೀನಾಥ ಅವರೇ, ಹಾಜರಾತಿಗಾಗಿ ಕೂತಿದ್ದರೂ ಕೇಳುವಂತೆ ಕಾಣುತ್ತಿರುವ ವಿದ್ಯಾರ್ಥಿಗಳೇ, ಸಭಿಕರೇ.

ನನಗೆ ಈ ಸನ್ಮಾನ ಯಾಕೆ? ಅಂತರಜಾಲದ ಕನ್ನಡ ವಿಶ್ವಕೋಶದಲ್ಲಿ ಎಲ್ಮರ್ ಟಾಲಿ ಎಂಬ ಅಮೆರಿಕದ ಬೇಸ್‌ಬಾಲ್ ಆಟಗಾರನ ಲೇಖನವನ್ನು ಉತ್ತಮಪಡಿಸಿದ್ದಕ್ಕೆ. ಬೀದರದಲ್ಲಿ ನಡೆದ ಅದರ ಕಾರ್ಯಾಗಾರದಲ್ಲಿ ಯಾರು ಯಾವುದನ್ನು ಬರೆಯಬೇಕೆಂದು ಚೀಟಿ ಎತ್ತಿಸಿದರು. ಒಬ್ಬರಿಗೆ ಕೋಟೆ ಬಂತು, ಇನ್ನೊಬ್ಬರಿಗೆ ಬಿದರಿ ಕಲೆ ಬಂತು, ನನಗೆ ಟಾಲಿ ಬಂದ. ಕನ್ನಡ ಎಂ.ಎ. ಮಾಡಿ ಕವಿತೆ ಓದಿಕೊಂಡು ಇದ್ದವಳು ನಾನು. ಚೀಟಿ ಬದಲಿಸಿಕೊಡಿ ಎನ್ನಬಹುದಿತ್ತು. ಆದರೆ ಈ ವರ್ಷದ ನನ್ನ ನೇಮಕಾತಿ ಆದೇಶಕ್ಕೆ ಇನ್ನೂ ಸಹಿ ಬಿದ್ದಿಲ್ಲ. ಸಹಿ ಬೀಳದವರು ಚೀಟಿ ಬದಲಿಸುವುದಿಲ್ಲ.

ಲೇಖನದಲ್ಲಿ ಆಗ ಮೂರೇ ಸಾಲಿದ್ದವು. ಈ ಕಾಲೇಜಿನಲ್ಲಿ ಎಲ್ಲರ ಸನ್ಮಾನ ಪತ್ರ ಬರೆಯುವವಳು ನಾನೇ. ಟಾಲಿಯನ್ನೂ ಹಾಗೇ ಬರೆದೆ. ಶ್ರೀಯುತರು ಸುಸಂಸ್ಕೃತ ಮನೆತನದಲ್ಲಿ ಜನಿಸಿದರು. ಮೃದುಭಾಷಿ, ಅಜಾತಶತ್ರು. ಹತ್ತು ಸಲ ಬ್ಯಾಟು ಹಿಡಿದರೆ ಏಳು ಸಲ ವಿಫಲರಾಗುತ್ತಿದ್ದರು ಎಂಬ ಮಾಹಿತಿಯೂ ಸಿಕ್ಕಿತು. ಸನ್ಮಾನ ಪತ್ರದಲ್ಲಿ ಅಂಥದ್ದನ್ನು ಯಾರಾದರೂ ಬರೆಯುತ್ತಾರೆಯೇ? ಬಿಟ್ಟೆ.

ಮರುದಿನ ನೋಡಿದರೆ ‘ಮೃದುಭಾಷಿ’ಯ ಪಕ್ಕ ವಿಶ್ವಕೋಶದ ಬೇರೆ ಯಾರೋ ಬರೆದಿದ್ದರು, ‘ಆಧಾರ ಬೇಕು’. ‘ಅಜಾತಶತ್ರು’ವಿನ ಪಕ್ಕ ‘ಆಧಾರ ಬೇಕು’. ಪ್ರಾಂಶುಪಾಲರ ಬಳಿ ಹೋದೆ.

“ಆಧಾರ ಏನ್ ಕೇಳ್ತಾರ್ರಿ ಮೇಡಂ? ನೀವು ಬರ್ದಿದ್ದ ಪತ್ರಕ್ಕ ಇಷ್ಟ್ ವರ್ಷದಾಗ ಯಾರರ ಆಧಾರ ಕೇಳ್ಯಾರೇನ್ರಿ?” ಎಂದರು.

ನಿಜ. ಯಾರೂ ಕೇಳಿಲ್ಲ.

ಕೊನೆಗೆ ಬಸ್ಸು ಹಿಡಿದು ಔರಾದಕ್ಕೆ ಹೋದೆ. ಅಲ್ಲಿನ ದೈಹಿಕ ಶಿಕ್ಷಕ ನರಸಿಂಗ ಹುಡುಗಿಯರಿಗೆ ಸಾಫ್ಟ್‌ಬಾಲ್ ಕಲಿಸುತ್ತಾರೆ. ಅದು ಬೇಸ್‌ಬಾಲಿನ ತಂಗಿಯಂಥ ಆಟ. ಲೇಖನವನ್ನೂ ನಾನು ಕಲೆಹಾಕಿದ್ದ ಮಾಹಿತಿಯನ್ನೂ ಓದಿ ಕನ್ನಡಕ ತೆಗೆದರು.

“ಅಕ್ಕೋರ, ಆ ಏಳು ಎಲ್ಲಿ ಹೋದವ್ರಿ?”

“ಪಾಪ, ಸೋತದ್ದು ಯಾಕ ಬರೀಬೇಕಂತ ಬಿಟ್ಟೀನ್ರಿ.”

“ಅದು ಬಿಟ್ರ ಇಂವಾ ಯಾರಂತ ತಿಳಿಯೋದು ಹ್ಯಾಂಗ್ರಿ? ಈ ಆಟದಾಗ ಹತ್ತಕ್ಕ ಏಳು ಎಲ್ಲಾರೂ ತಪ್ಪಸ್ತಾರ, ಹೆಚ್ಚಿಗೀನೂ ತಪ್ಪಸ್ತಾರ. ಹದಿನಾರು ವರ್ಷ ಬಿಡದ ಹತ್ತಕ್ಕ ಮೂರು ಹೊಡದಾನಲ್ಲ, ಅದಕ್ಕ ದೊಡ್ಡಾಂವ. ನೀವು ಇಂವನ್ನ ಛಲೋ ಮಾಡ್ಲಿಕ್ಕ ಹೋಗಿ ಇಲ್ಲದಂಗ ಮಾಡೀರಿ.”

ಬಂದು ತಿದ್ದಿದೆ. ಹೊಗಳಿಕೆ ಕಿತ್ತುಹಾಕಿ, ಏಳು ಸೋಲುಗಳನ್ನು ಆಧಾರ ಸಮೇತ ಸೇರಿಸಿದೆ. ಆಮೇಲೆ ಯಾರೂ ಏನೂ ಕೇಳಲಿಲ್ಲ.

ಈಗ ತಾನೇ ನನ್ನ ಸನ್ಮಾನ ಪತ್ರ ಓದಿದರು. ಈ ಸಲ ಬೇರೆಯವರು ಬರೆದದ್ದು. ಆದರೂ ನನ್ನದೇ ಶೈಲಿ. ಅದರಲ್ಲಿ ನಾನು ಖಾಯಂ ಹಿರಿಯ ಪ್ರಾಧ್ಯಾಪಕಿ. ಸಮಿತಿಯವರ ಕೈಯಲ್ಲಿರುವ ಅಧ್ಯಾಪಕರ ಪಟ್ಟಿಯಲ್ಲೂ ಹಾಗೇ ಇದೆ. “ಕೇಳಿದ್ರ ಹೂಂ ಅನ್ರಿ ಮೇಡಂ, ಸಂಜಿಕ ಆದೇಶ ಒಯ್ರಿ” ಎಂದು ಬೆಳಿಗ್ಗೆ ನನಗೆ ಹೇಳಲಾಗಿದೆ. ಪ್ರಾಂಶುಪಾಲರೇ, ನೀರು ಕುಡಿಯಿರಿ, ಮುಗಿಸುತ್ತಿದ್ದೇನೆ.

ನನ್ನ ಬಳಿ ಇರುವ ಆಧಾರ ಇಷ್ಟೇ. ಖಾಯಂ ಹುದ್ದೆಗೆ ಐದು ಸಲ ಪ್ರಯತ್ನಿಸಿದೆ, ಐದೂ ಸಲ ಆಗಲಿಲ್ಲ. ಆರನೆಯ ಸಲಕ್ಕೆ ವಯಸ್ಸು ಮೀರಿತ್ತು. ಇಪ್ಪತ್ತೊಂದು ವರ್ಷ, ಪ್ರತಿ ವರ್ಷ ಆದೇಶಕ್ಕೆ ಕಾದು, ಇಲ್ಲಿ ಅತಿಥಿ ಉಪನ್ಯಾಸಕಿಯಾಗಿ ಪಾಠ ಮಾಡಿದ್ದೇನೆ. ಇದನ್ನು ಅಳಿಸಿದರೆ ಪಾಠ ಮಾಡಿದವಳು ಯಾರು? ಅತಿಥಿಗಳೇ, ಪಟ್ಟಿಯಲ್ಲಿ ನಾಲ್ಕನೆಯ ಹೆಸರು ಬಸವೇಶ್ವರಿ, ಅದು ನಾನು. ದಯವಿಟ್ಟು ತಿದ್ದಿಕೊಳ್ಳಿ.

ಸಂಜೆ ಆದೇಶ ಸಿಗಲಿಕ್ಕಿಲ್ಲ. ನಾಳೆ ಹತ್ತಕ್ಕೆ ಬಿ.ಎ. ಎರಡನೆಯ ವರ್ಷದವರಿಗೆ ಕಾವ್ಯ ತರಗತಿ ಇದೆ. ಬೇರೆ ಯಾರಾದರೂ ಬಂದರೆ, ಮಕ್ಕಳೇ, ನಲವತ್ತೆರಡನೆಯ ಪುಟದ ತನಕ ಆಗಿದೆ ಎಂದು ಅವರಿಗೆ ಹೇಳಿ.

ಹಸಿವನ್ನು ತಡೆದು ಕೇಳಿಸಿಕೊಂಡಿರಿ, ಧನ್ಯವಾದ. ನಮಸ್ಕಾರ.