ಸುಣ್ಣದ ಮೂರು ಗೆರಿ

"ಎರಡು ಮೈಲು ಕಾಡಿನ ಕಾಲುದಾರಿಗೆ ಯಾರಿಗರೆ ನಾಕು ತಾಸು ಹಿಡೀತೈತೇನು?"

ದೇವಿಕೊಪ್ಪದ ಬಸ್‌ಸ್ಟ್ಯಾಂಡಿನಲ್ಲಿ ದಾವೂದಸಾಬ ಯಾರನ್ನೂ ನೋಡದೆ ಕೇಳಿದ. ಬಂದವರಿಗೆ ಕಾಡಿನ ದಾರಿ ತೋರಿಸುವುದು ಅವನ ಕೆಲಸ. ಬಾಜೂ ಕಟ್ಟೆಯ ಮೇಲೆ ವಚನ ಗುನುಗುತ್ತ ಬಸ್ಸಿಗೆ ಕಾಯುತ್ತಿದ್ದ ದಾನೇಶ್ವರಿ ಇತ್ತ ಕಿವಿಗೊಟ್ಟಳು.

"ನನಗ ಅಂದ್ಯೇನಪಾ?" ಎಂದಳು ಅವನ ಜೊತೆ ನಡೆದು ದಣಿದಿದ್ದ ನೀಲಕ್ಕ.

"ಮತ್ತ್ಯಾರಿಗ್ರಿ ಅಕ್ಕಾರ? ಗಿಡಗಿಡಕ್ಕೂ ನಿಂತು ಕೈ ಮುಗದ್ರ ಕೆರಿ ಯಾವಾಗ ಮುಟ್ಟೂದು? ಅರ್ಧದಾರಿಗೇ ಬಸ್ಸಿನ ಹೊತ್ತಾಗಿ ಹೊಳ್ಳಿ ಬಂದ್ವಿ."

"ಗಿಡಕ್ಕ ಮೂರು ಬಿಳಿ ಗೆರಿ ಎಳದಾವ್ರು ಯಾರು?"

"ನಾನ. ದಾರಿ ತಪ್ಪಬಾರದಂತ ಹಾಕಿದ ಸುಣ್ಣದ ಗುರುತ್ರಿ ಅದು. ವಿಭೂತಿ ಅಲ್ಲ!"

"ನೀ ಸುಣ್ಣ ಹಚ್ಚೀದಿ, ನನಗ ಶಿವ ಕಂಡ. ತಪ್ಪು ಯಾರದು?"

ದಾವೂದಸಾಬನಿಗೂ ನಗು ತಡೆಯಲಾಗಲಿಲ್ಲ.

"ಕೆರಿ ನೋಡಬೇಕಂತ ಎರಡು ವರ್ಷದಿಂದ ಅನ್ನಾಕತ್ತೀರಿ. ಬರೂ ಸೋಮವಾರ ಮತ್ತ ಹೋಗೂಣು. ಅವತ್ತೊಂದಿನ ಕೈ ಮುಗೀಬ್ಯಾಡ್ರಿ, ನಿಮ್ಮ ಕಾಲಿಗೆ ಬೀಳ್ತೀನಿ."

ಬಸ್ಸು ಬಂತು. ನೀಲಕ್ಕ ಸೆರಗು ಸರಿಮಾಡಿಕೊಂಡು ಮೆಟ್ಟಿಲು ಹತ್ತಿ, ಬಾಗಿಲಲ್ಲಿ ತಿರುಗಿ ನಿಂತಳು.

"ಬೇಕಾರ ಕೋಳಿ ಕೂಗೂದ್ರಾಗ ಬರ್ತೀನಿ. ಆದ್ರ ಕೈ ಮುಗೀದ ಹೋಗೂದು, ಅದೂ ಸೋಮವಾರ? ಆಗೂದ ಇಲ್ಲ!"