ಮೂವರಿಗೆ ಬಾಕಿ ಇದ್ದ ಸಲಾಮಿ

ರಾಯಚೂರಿನಿಂದ ಬರುವ ಕೊನೆಯ ಬಸ್ಸು ಆ ರಾತ್ರಿ ಮಾನ್ವಿಗೆ ತಡವಾಗಿ ಬಂತು. ಇಳಿದವರಲ್ಲಿ ಆಟೋ ಸಿಕ್ಕವರು ಆಟೋ ಹತ್ತಿದರು. ನಮ್ಮ ಓಣಿಯ ಮೂಕಪ್ಪ ನಡೆದೇ ಹೊರಟ. ಅವನ ಮನೆ ಊರ ಅಂಚಿಗೆ. ದಾರಿಯಲ್ಲಿ ಒಂದು ಹಳೆಯ ಮೆಟ್ಟಿಲ ಬಾವಿ ಇದೆ, ಅದರಾಚೆ ಭತ್ತದ ಗದ್ದೆಗಳು. ಬಾವಿಯ ನೀರನ್ನು ಈಗ ಯಾರೂ ಮುಟ್ಟುವುದಿಲ್ಲ. ಗದ್ದೆಯಲ್ಲಿ ಕಪ್ಪೆಗಳು ಒಂದೇ ಸಮ ಕೂಗುತ್ತಿದ್ದವು.

ಬಾವಿಯ ಹತ್ತಿರ ಬಂದಾಗ ಕಪ್ಪೆಗಳು ನಿಂತವು... ಎಲ್ಲವೂ, ಒಮ್ಮೆಲೇ.

ಆಮೇಲೆ ಆ ಸದ್ದು. ಝರ್ರ್...

ಬಹಳ ಸಣ್ಣ ಸದ್ದು. ಬೇರೆ ಯಾರಾದರೂ ಆಗಿದ್ದರೆ ಒಣ ಎಲೆ ಅಂದುಕೊಂಡು ಮುಂದೆ ಹೋಗುತ್ತಿದ್ದರು. ಮೂಕಪ್ಪ ವಯಸ್ಸೆಲ್ಲ ಬ್ಯಾಂಡಿನಲ್ಲಿ ದೊಡ್ಡ ಡ್ರಮ್ಮು ಬಾರಿಸಿದವನು. ಅದು ಸೈಡ್ ಡ್ರಮ್ಮಿನ ಅಡಿಗೆ ಬಿಗಿದ ತಂತಿಯ ಸದ್ದು ಎಂದು ಅವನಿಗೆ ಗೊತ್ತು. ಆ ಡ್ರಮ್ಮನ್ನು ಹೆಗಲಿಗೆ ಹಾಕಿಕೊಳ್ಳುವಾಗ ತಂತಿ ಹಾಗೆ ಅದುರುತ್ತದೆ.

ನಿಂತ. ಸದ್ದೂ ನಿಂತಿತು.

ಮತ್ತೆ ನಡೆದ. ಟಪ್... ಟಪ್ ಟಪ್... ಇದು ಟ್ರಂಪೆಟ್ಟು. ಊದದೆ, ಬರೀ ಗುಂಡಿಗಳನ್ನು ಒತ್ತಿ ನೋಡುವುದು. ಅದರ ಹಿಂದೆಯೇ ಕ್ಲಾರಿನೆಟ್ಟಿನ ಬಾಯಿಗೆ ಯಾರೋ ಮೆಲ್ಲಗೆ ಉಸಿರು ಬಿಟ್ಟಂತೆ... ಸ್ವರವಿಲ್ಲ, ಗಾಳಿ ಮಾತ್ರ. ಫ್ಸ್...

ಬ್ಯಾಂಡು ಶುರುವಾಗುವ ಮೊದಲು ಈ ಸದ್ದುಗಳು ಬರುತ್ತವೆ. ಹೀಗೆ ತಯಾರಾಗಿ ಎಲ್ಲರೂ ದೊಡ್ಡ ಡ್ರಮ್ಮಿನವನ ಮುಖ ನೋಡುತ್ತಾರೆ. ಅವನು ಮೂರು ಪೆಟ್ಟು ಕೊಟ್ಟರೆ ಮಾತ್ರ ಹಾಡು ಎತ್ತುವುದು. ಬಾವಿಯ ಪಕ್ಕದ ಕತ್ತಲಲ್ಲಿಯೂ ಸದ್ದುಗಳು ಹಾಗೆಯೇ ಬಂದು ನಿಂತವು... ಕಾದವು.

ಆ ಮೂರು ವಾದ್ಯಗಳನ್ನು ಬಾರಿಸುತ್ತಿದ್ದವರ ಹೆಸರಿನ ಮುಂದೆ, ಅದೇ ದಿನ ಮಧ್ಯಾಹ್ನ ರಾಯಚೂರಿನಲ್ಲಿ ಕೂತು, ‘ಜಾಗಾ ಖಾಲಿ’ ಎಂದು ಬರೆದು ಬಂದವನು ಮೂಕಪ್ಪನೇ.

ಮಾನ್ವಿಯಲ್ಲಿ ಬ್ಯಾಂಡಿನವರದೊಂದು ಕಾರ್ಮಿಕ ಸಂಘವಿತ್ತು. ರಾತ್ರಿಯಿಡೀ ಬಾರಿಸಲು ಹಚ್ಚಿ, ಊಟದ ಕೊನೆಯ ಪಂಕ್ತಿಯಲ್ಲೂ ಕೂರಿಸದೆ ಕಳಿಸುತ್ತಿದ್ದ ಮದುವೆ ಮನೆಗಳ ಕಾಲದಲ್ಲಿ ಹುಟ್ಟಿದ್ದು. ದೇವದುರ್ಗದವರೂ ಅದರಲ್ಲೇ ಇದ್ದರು. ಸಭೆಯ ನಡಾವಳಿ, ಸದಸ್ಯರ ಪಟ್ಟಿ, ಜಗಳ, ರಾಜಿ... ಎಲ್ಲವನ್ನೂ ಬರೆದಿಡುತ್ತಿದ್ದರು. ಒಂದು ಟ್ರಂಕು ತುಂಬ ದಾಖಲೆ.

ಆ ಸಂಘದಲ್ಲಿ ಒಂದು ಕಟ್ಟಳೆ. ಸದಸ್ಯ ಸತ್ತರೆ ಅಂದು ಸಂಜೆ ಉಳಿದವರೆಲ್ಲ ಸಂಘದ ಕೋಣೆಯ ಮುಂದೆ ಸಾಲಾಗಿ ನಿಲ್ಲಬೇಕು. ಸತ್ತವನು ಸಾಲಿನಲ್ಲಿ ಎಲ್ಲಿ ನಿಲ್ಲುತ್ತಿದ್ದನೋ ಅಷ್ಟು ಜಾಗ ಬಿಟ್ಟು ನಿಂತು, ಒಂದು ಹಾಡು ಬಾರಿಸಬೇಕು. ಅದಕ್ಕೆ ಸಲಾಮಿ ಅನ್ನುತ್ತಿದ್ದರು. ಮಣ್ಣು ಹೇಗೆ ಮಾಡುವುದು ಅವರವರ ಮನೆಯವರಿಗೆ, ಅವರವರ ಧರ್ಮಕ್ಕೆ ಬಿಟ್ಟದ್ದು. ಸಲಾಮಿ ಮಾತ್ರ ಸಂಘದ್ದು. ಅದು ಮುಗಿದ ಮೇಲೆಯೇ ಪಟ್ಟಿಯಲ್ಲಿ ‘ಜಾಗಾ ಖಾಲಿ’ ಎಂದು ಬರೆಯುವುದು. ಮೊದಲು ಬರೆಯುವಂತಿಲ್ಲ.

ಡಿಜೆ ಬಂತು. ಒಬ್ಬೊಬ್ಬರೇ ವಾದ್ಯ ಮಾರಿದರು. ಕೊನೆಗೆ ನಾಲ್ವರು ಉಳಿದರು. ಸೈಡ್ ಡ್ರಮ್ಮಿನ ಯಲ್ಲಾಲಿಂಗ, ಕ್ಲಾರಿನೆಟ್ಟಿನ ಬುರ್ಹಾನುದ್ದೀನ್, ದೇವದುರ್ಗದಿಂದ ಬರುತ್ತಿದ್ದ ಟ್ರಂಪೆಟ್ಟಿನ ವಲಿ ಪಾಷಾ, ಮತ್ತೆ ಮೂಕಪ್ಪ. ಎರಡನೆಯ ಸಲ ಕೊರೊನಾ ಬಂದ ಬೇಸಿಗೆಯಲ್ಲಿ ಆ ಮೂವರೂ ರಾಯಚೂರಿನ ಆಸ್ಪತ್ರೆಯಲ್ಲಿ, ಒಬ್ಬರ ಹಿಂದೆ ಒಬ್ಬರು, ಹೋದರು. ಯಾರೂ ಮನೆ ಬಿಟ್ಟು ಹೊರಗೆ ಬರುವಂತಿರಲಿಲ್ಲ. ಸಲಾಮಿ ಆಗಲಿಲ್ಲ. ಮೂಕಪ್ಪ ಅವರ ಹೆಸರುಗಳ ಮುಂದೆ ಏನೂ ಬರೆಯದೆ ಬಿಟ್ಟ.

ಈ ವರ್ಷ ಮಾಲೀಕ ಕೋಣೆ ಬಿಡಿಸಿಕೊಂಡು ಮೊಬೈಲ್ ಅಂಗಡಿಗೆ ಕೊಟ್ಟ. ಟ್ರಂಕು ರದ್ದಿಗೆ ಹೋಗಬೇಕಿತ್ತು. ಯಲ್ಲಾಲಿಂಗನ ಮಗಳು ವಿಶಾಖಾ ರಾಯಚೂರಿನ ಹೈಸ್ಕೂಲಿನಲ್ಲಿ ಗಣಿತದ ಟೀಚರು. ಹಳೆಯ ಸಂಘಗಳ ದಾಖಲೆ ಕೂಡಿಸಿಡುವ ಅಲ್ಲಿಯ ಒಂದು ಗ್ರಂಥಾಲಯದವರನ್ನು ಅವಳೇ ಒಪ್ಪಿಸಿದಳು. ಆ ಮಧ್ಯಾಹ್ನ ಅಲ್ಲಿಯ ಗುಮಾಸ್ತ ಪುಟ ತಿರುವುತ್ತ ಕೇಳಿದ.

"ಈ ಮೂರು ಮಂದಿ ಅದಾರೇನ್ರಿ? ಮುಂದ ಏನೂ ಬರದಿಲ್ಲಲ್ಲ."

"ಇಲ್ರಿ," ಅಂದ ಮೂಕಪ್ಪ.

"ಹಂಗಾದ್ರ ಬರದು ಮುಗಿಸಿಬಿಡ್ರಿ."

ಪೆನ್ನು ಕೈಗೆ ಬಂತು. ವಿಶಾಖಾ ಕಿಟಕಿಯ ಹೊರಗೆ ನೋಡುತ್ತಿದ್ದಳು. ಮೂಕಪ್ಪ ಬರೆದುಬಿಟ್ಟ.

ಈಗ ಬಾವಿಯ ಹತ್ತಿರ ಅವನು ತಿರುಗಿ ನೋಡಲಿಲ್ಲ. ಓಡಲೂ ಇಲ್ಲ. ಕಾಲು ಎತ್ತಿ ಎತ್ತಿ ಇಟ್ಟು ಮನೆ ಮುಟ್ಟಿದ. ಹೆಂಡತಿ ಪಾರ್ವತೆಮ್ಮ ಬಾಗಿಲು ತೆಗೆದಳು.

"ಏನು, ಕುಡದು ಬಂದಿಯೇನು?"

"ಇಲ್ಲ ಬೇ."

"ಎಲ್ಲಿ, ಉಸಿರು ಬಿಡು." ಮೂಸಿ ನೋಡಿದಳು. "ಇಲ್ಲ ಖರೇ. ಹಂಗಾದ್ರ ಯಾಕ ನಡಗಾಕತ್ತಿ?"

"ಹಿಂದ ಯಾರರ ಬಂದಾರೇನು ನೋಡು."

ಅವಳು ಕತ್ತು ಹೊರಗೆ ಹಾಕಿದಳು. "ನಿನ್ನ ಹಿಂದ ಯಾರು ಬರ್ತಾರ? ಕಿರಾಣಿ ಅಂಗಡಿಯವನೂ ಬರಂಗಿಲ್ಲ ಈ ಹೊತ್ತಿನ್ಯಾಗ."

ಅವಳಿಗೆ ನಿದ್ದೆ ಹತ್ತಿದ ಮೇಲೆ ಗೋಡೆಯ ಆಚೆ ಶುರುವಾಯಿತು. ಝರ್ರ್... ಟಪ್ ಟಪ್... ಫ್ಸ್... ಮತ್ತೆ ನಿಶ್ಶಬ್ದ. ಮತ್ತೆ ಮೊದಲಿನಿಂದ. ಮೂಕಪ್ಪ ಎದ್ದು ಕಿಟಕಿ ಸ್ವಲ್ಪ ತೆರೆದ. ಅಂಗಳದಲ್ಲಿ ಬಟ್ಟೆ ಒಗೆಯುವ ಕಲ್ಲು, ಬೆಳದಿಂಗಳು. ಬೇರೇನಿಲ್ಲ.

"ಯಲ್ಲಾ..." ಪಿಸುಗುಟ್ಟಿದ. "ನೀ ಏನೋ?"

"ಹೂಂ..."

"ಬುರ್ಹಾನ್?"

"ಅದೀನಿ..."

"ಪಾಷಾ... ದೇವದುರ್ಗದಿಂದ ಹೆಂಗ ಬಂದಿ?"

"ನಡಕೊಂತ..."

ಮೂಕಪ್ಪ ಕಿಟಕಿಯ ಸರಳು ಹಿಡಿದ. "ಏನ್ ಬೇಕ್ರೋ ನಿಮಗ?"

ತಂತಿ ಒಮ್ಮೆ ಅದುರಿತು. ಆಮೇಲೆ ಯಲ್ಲಾಲಿಂಗನ ದನಿ, ಕಿಟಕಿಯ ತೀರ ಹತ್ತಿರ.

"ತಯಾರ್ ಅದೀವಿ, ಮೂಕಾ... ಎತ್ತು."

ಕಿಟಕಿ ಮುಚ್ಚಿ, ಕೌದಿ ಹೊದ್ದು, ಬೆಳಗಾಗುವ ತನಕ ಕೂತ.

ಮರುದಿನ ರಾತ್ರಿಯೂ ಬಂದರು. ಅದರ ಮರುದಿನವೂ. ಹೆದರಿಕೆ ಎಷ್ಟು ದಿನ ಇರುತ್ತದೆ? ಒಂದು ರಾತ್ರಿ ಮೂಕಪ್ಪ ಬೀಡಿ ಹಚ್ಚಿಕೊಂಡು ಹೊರಗೆ ಹೋಗಿ ಒಗೆಯುವ ಕಲ್ಲಿನ ಮೇಲೆ ಕೂತುಬಿಟ್ಟ. ಆ ಬೇಸಿಗೆಯ ನಂತರ ಅವನ ಜೊತೆ ಬ್ಯಾಂಡಿನ ಮಾತು ಆಡಿದವರು ಒಬ್ಬರೂ ಇರಲಿಲ್ಲ. ಅಂಥ ಮಾತು ಯಾರಿಗೆ ಬೇಕು? ಹೇಳುವವನಿಗೆ ಕೇಳುವವರು ಬೇಕು. ಈಗ ಇದ್ದರು.

ಶಕ್ತಿನಗರದ ಮದುವೆಯಲ್ಲಿ ಪಾಷಾ ಟ್ರಂಪೆಟ್ಟು ಎತ್ತಿದ ಕೂಡಲೇ ಕುದುರೆ ಮದುಮಗನನ್ನು ಹೊತ್ತು ಕಾಲೋನಿಯ ಗೇಟು ದಾಟಿ ಹೋದದ್ದನ್ನು ಹೇಳಿದ. ಕತ್ತಲಲ್ಲಿ ಪಾಷಾ ಖಿಕ್ ಎಂದು ನಕ್ಕ. ದೇವಸುಗೂರಿನಲ್ಲಿ ಮಳೆಗೆ ಸಿಕ್ಕು ಎಲ್ಲರೂ ದೊಡ್ಡ ಡ್ರಮ್ಮಿನ ಕೆಳಗೆ ತಲೆ ತೂರಿಸಿದ್ದನ್ನು ಹೇಳಿದ. ಅವರು ಹೂಂ ಅನ್ನುತ್ತಿದ್ದರು. ಒಂದೊಂದೇ ಮಾತು. ಕೊನೆಗೆ ಯಾವಾಗಲೂ ಅದೇ.

"ಎತ್ತು, ಮೂಕಾ..."

"ನಾಳಿ ಎತ್ತೋಣು," ಅನ್ನುತ್ತಿದ್ದ ಮೂಕಪ್ಪ.

ಯಾಕೆ ನಾಳೆ ಎಂದು ಅವನಿಗೆ ಗೊತ್ತಿತ್ತು. ಸಲಾಮಿ ಕೊಟ್ಟರೆ ಇವರು ಹೋಗುತ್ತಾರೆ. ಆಮೇಲೆ ಇಡೀ ಸಂಘದಲ್ಲಿ ಅವನೊಬ್ಬನೇ. ಒಂದು ರಾತ್ರಿ ಕೇಳಿಯೂ ಕೇಳಿದ.

"ನೀವು ಹೋದ್ರ... ನಾ ಹೋದಾಗ ನನಗ ಜಾಗಾ ಬಿಡವ್ರು ಯಾರು?"

ಝರ್ರ್... ಟಪ್ ಟಪ್... ಫ್ಸ್... ಮೂವರೂ ಮತ್ತೆ ತಯಾರಾದರು.

ಬೆಳಿಗ್ಗೆ ಪಾರ್ವತೆಮ್ಮ ರೊಟ್ಟಿ ಬಡಿಯುತ್ತ ಕೇಳಿದಳು. "ರಾತ್ರಿಯೆಲ್ಲ ಯಾರ ಜೋಡಿ ಪಿಸಿಪಿಸಿ ಮಾತಾಡ್ತಿ? ಈ ವಯಸ್ಸಿನ್ಯಾಗ ಯಾವಾಕಿರ ಗಂಟು ಬಿದ್ದಾಳೇನು?"

"ಒಬ್ಬಾಕಿ ಅಲ್ಲ. ಮೂರು ಮಂದಿ."

"ನನಗ ಒಂದು ಸೀರಿ ತರಾಕ ಆಗ್ಲಿಲ್ಲ ನಿನ್ನ ಕೈಲಿ. ಮೂರು ಮಂದಿಯಂತ."

ಭಾನುವಾರ ವಿಶಾಖಾ ಬಂದಳು. ಗ್ರಂಥಾಲಯ ಕೊಟ್ಟ ರಸೀದಿ ತಂದಿದ್ದಳು. ಮೂಕಪ್ಪ ಅವಳನ್ನು ಕಟ್ಟೆಯ ಮೇಲೆ ಕೂರಿಸಿ, ದನಿ ಇಳಿಸಿ, ಎಲ್ಲ ಹೇಳಿದ. ಅವಳು ನಗಲಿಲ್ಲ. ಹೆದರಲೂ ಇಲ್ಲ. ರಸೀದಿಯನ್ನು ಮಡಿಸುತ್ತ, ಬಿಚ್ಚುತ್ತ ಕೂತಿದ್ದಳು.

"ಕಾಕಾ," ಅಂದಳು. "ಅಪ್ಪನ ಉಸಿರು ಹೆಂಗ ಅದ?"

"ಏನವಾ?"

"ಕಡೀಕ ಆಸ್ಪತ್ರಿಯಿಂದ ಫೋನ್ ಹಚ್ಚಿ ಕೊಟ್ಟಿದ್ರು. ಅವಗ ಮಾತಾಡಾಕ ಆಗ್ಲಿಲ್ಲ. ಬರೀ ಉಸಿರು ಕೇಳಿದೆ. ಈಗ ಹೆಂಗ ಅದ?"

"ಚಲೋ ಅದ, ಯವ್ವಾ," ಅಂದ ಮೂಕಪ್ಪ.

ಅವಳು ತಲೆಯಾಡಿಸಿ ಬಸ್ಸಿಗೆ ಹೋದಳು. ಅವಳು ಓಣಿ ತಿರುಗುವ ತನಕ ಮೂಕಪ್ಪ ನಿಂತಿದ್ದ. ಅವನು ಹೇಳಿದ್ದು ಸುಳ್ಳು. ಇಷ್ಟು ರಾತ್ರಿಗಳಲ್ಲಿ ಅವನು ಮಾತಾಡಿದ್ದನೇ ಹೊರತು ಉಸಿರು ಕೇಳಿರಲಿಲ್ಲ.

ಅಂದು ರಾತ್ರಿ ಕಲ್ಲಿನ ಮೇಲೆ ಕೂತು ಸುಮ್ಮನಿದ್ದ. ಬೀಡಿಯನ್ನೂ ಹಚ್ಚಲಿಲ್ಲ. ಝರ್ರ್... ಟಪ್ ಟಪ್... ಫ್ಸ್... ಆಮೇಲೆ, ಅವನು ಮಾತಾಡದೆ ಇದ್ದುದಕ್ಕೆ, ಅದರ ಹಿಂದಿನದು ಕೇಳಿಸಿತು.

ಹ್... ಹ್... ಹ್...

ಮೂರು ಕಡೆಯಿಂದ. ಅರ್ಧಕ್ಕೆ ಏರಿ ನಿಲ್ಲುವ ಉಸಿರು. ಹೊಲಿಗೆ ಬಿಟ್ಟ ಕಮ್ಮಾರನ ತಿದಿಯ ಹಾಗೆ. ಬುರ್ಹಾನುದ್ದೀನ್ ಕ್ಲಾರಿನೆಟ್ಟನ್ನು ಪರೀಕ್ಷೆ ಮಾಡುತ್ತಿರಲಿಲ್ಲ. ಊದಲು ನೋಡುತ್ತಿದ್ದ. ಆಗುತ್ತಿರಲಿಲ್ಲ. ಮೂವರೂ ಒಂದೊಂದೇ ಮಾತು ಆಡುತ್ತಿದ್ದುದು ಅದಕ್ಕೆ.

"ಬುರ್ಹಾನ್... ಬಾಳ ತ್ರಾಸ ಆಗಾಕತ್ತದೇನೋ?"

ಉಸಿರು ಮಾತ್ರ.

"ಮೊದಲ ದಿನಾನ ಹೇಳಬೇಕಿಲ್ಲೇನ್ಲೇ..."

ಯಲ್ಲಾಲಿಂಗ ಬಹಳ ಕಷ್ಟದಿಂದ ಹೇಳಿದ. "ನೀ ಮಾತಾಡಾಕತ್ತಿದ್ದಿ... ಖುಷಿ ಇದ್ದಿ..."

ಮೂಕಪ್ಪ ಎದ್ದ. ಒಳಗೆ ಹೋಗಿ ಅಟ್ಟದಿಂದ ಡ್ರಮ್ಮು ಎಳೆದ. ಒಂದು ಕಡೆಯ ತೊಗಲು ಹರಿದಿತ್ತು, ಆ ಬಾಯಿಂದ ಪಾರ್ವತೆಮ್ಮ ಉಳ್ಳಾಗಡ್ಡಿ ತುಂಬಿಟ್ಟಿದ್ದಳು. ಬೋರಲು ಹಾಕಿದ. ಉಳ್ಳಾಗಡ್ಡಿ ಮನೆ ತುಂಬ ಉರುಳಿದವು. ಅವಳು ಎದ್ದು ಕೂತಳು.

"ಇದೇನಿದು, ನಡು ರಾತ್ರ್ಯಾಗ?"

"ಸಲಾಮಿ ಕೊಡೂದದ. ಮೂವರಿಗೂ."

ಅವಳು ಅವನ ಮುಖ ನೋಡಿದಳು. ಪೆಟ್ಟಿಗೆಯ ತಳದಿಂದ ಬ್ಯಾಂಡಿನ ಕೆಂಪು ಕೋಟು ತೆಗೆದು ಜಾಡಿಸಿದಳು. ಹೊಟ್ಟೆಯ ಮೇಲೆ ಗುಂಡಿ ಕೂಡಲಿಲ್ಲ. ತನ್ನ ಬಳೆಯಲ್ಲಿದ್ದ ಪಿನ್ನು ತೆಗೆದು ಹಾಕಿದಳು. "ಹೋಗಿ ಬಾ," ಅಂದಳು.

ಸಂಘದ ಕೋಣೆ ಇದ್ದಲ್ಲಿ ಈಗ ಮೊಬೈಲ್ ಅಂಗಡಿಯ ಶಟರು. ಬೀದಿಯಲ್ಲಿ ಒಂದು ದೀಪ. ಮೂಕಪ್ಪ ಸಾಲಿನ ಕೊನೆಗೆ, ತನ್ನ ಜಾಗದಲ್ಲಿ ನಿಂತ. ಒಬ್ಬನಿಗೆ ಜಾಗ ಬಿಟ್ಟು ನಿಲ್ಲುವುದು ರೂಢಿ. ಅಂದು ಅವನೊಬ್ಬನನ್ನು ಬಿಟ್ಟರೆ ಸಾಲೆಲ್ಲ ಬಿಟ್ಟ ಜಾಗವೇ.

"ಯಲ್ಲಾ, ನನ್ನ ಮಗ್ಗಲಕ್ಕ ಬಾ," ಪಿಸುಗುಟ್ಟಿದ. "ಬುರ್ಹಾನ್ ನಡುವ... ಪಾಷಾ ಆ ಕಡಿ..."

ಝರ್ರ್... ಟಪ್ ಟಪ್... ಫ್ಸ್...

ಅವನ ಕೈ ಏಳಲಿಲ್ಲ. ಆ ಉಸಿರುಗಳು ಕೇಳುತ್ತಲೇ ಇದ್ದವು.

ಧಂ... ಧಂ... ಧಂ...

ಕ್ಲಾರಿನೆಟ್ಟು ಎದ್ದಿತು. ಪೂರ್ತಿ ಉಸಿರಿನಿಂದ. ಮದುಮಗಳನ್ನು ಮನೆ ತುಂಬಿಸಿಕೊಳ್ಳುವಾಗ ಬಾರಿಸುವ ಹಾಡು. ಅದರ ಮೊದಲ ಸ್ವರ ಉದ್ದದ್ದು. ಬುರ್ಹಾನುದ್ದೀನ್ ಅದನ್ನು ಎಳೆದ, ಎಳೆದ... ಎಲ್ಲಿಯೂ ತುಂಡಾಗಲಿಲ್ಲ. ಟ್ರಂಪೆಟ್ಟು ಮೇಲಿಂದ ಬಂದು ಕೂಡಿತು. ಸೈಡ್ ಡ್ರಮ್ಮಿನ ಕೋಲುಗಳು ಕಾಳು ಚೆಲ್ಲಿದಂತೆ ಉರುಳಿದವು. ಮೂಕಪ್ಪ ಕಣ್ಣು ಮುಚ್ಚಿಕೊಂಡು ಬಾರಿಸಿದ. ಹಾಡು ಮುಗಿಯುವ ಕಡೆ ಬಂದಾಗ ಇನ್ನೊಂದು ಸುತ್ತು ತಿರುಗಿಸಬಹುದಿತ್ತು. ತಿರುಗಿಸಲಿಲ್ಲ. ಮುಗಿಸಿದ.

ಮೊದಲು ಟ್ರಂಪೆಟ್ಟು ನಿಂತಿತು. ಆಮೇಲೆ ಕ್ಲಾರಿನೆಟ್ಟು. ಕೊನೆಗೆ ಸೈಡ್ ಡ್ರಮ್ಮಿನ ತಂತಿ, ಝರ್ರ್... ಅದೂ ನಿಂತಿತು. ಅವನು ತೊಗಲ ಮೇಲೆ ಅಂಗೈ ಇಟ್ಟು ತನ್ನ ಡ್ರಮ್ಮನ್ನು ಸುಮ್ಮನಾಗಿಸಿದ.

"ಯಲ್ಲಾ?"

ಉಸಿರೂ ಇರಲಿಲ್ಲ.

ಅವನು ಅಂಗಡಿಯ ಮೆಟ್ಟಿಲ ಮೇಲೆ ಬೆಳಗಾಗುವ ತನಕ ಕೂತ. ಬೆಳಕಾದ ಮೇಲೆ ವಿಶಾಖಾಗೆ ಫೋನ್ ಮಾಡಿ, "ಸಲಾಮಿ ಆತವಾ," ಅಂದ. ಅವಳು ಹೂಂ ಅಂದಳು. ಫೋನು ಇಡುವ ಮೊದಲು ಅವಳ ಉಸಿರು ಅವನಿಗೆ ಕೇಳಿಸಿತು.

ಎದುರಿಗೆ ನಬೀಸಾಬನ ಚಹಾದ ಅಂಗಡಿ. ಅವನು ರಾತ್ರಿ ಅಲ್ಲೇ ಬೆಂಚಿನ ಮೇಲೆ ಮಲಗುವವನು. ಒಂದು ಕಪ್ ಚಹಾ ತಂದು ಮೂಕಪ್ಪನ ಕೈಗೆ ಕೊಟ್ಟ.

"ರಾತ್ರಿ ಚಲೋ ಬಾರಿಸಿದ್ರಿ ಬಿಡು."

ಮೂಕಪ್ಪ ತಲೆ ಎತ್ತಿದ. "ಕೇಳಿಸ್ತಾ? ಕ್ಲಾರಿನೆಟ್ ಕೇಳಿಸ್ತಾ ನಿನಗ?"

"ಕ್ಲಾರಿನೆಟ್ ಎಲ್ಲಿತ್ತು? ಡ್ರಮ್ ನಿಂದು, ಅದು ಗೊತ್ತಾತು. ಆ ಝಾಂಜ್ ಹೊಡ್ಯಾವ ಯಾರು?"

"ಯಾವ ಝಾಂಜ್?"

"ಏ, ಹಿತ್ತಾಳಿ ಝಾಂಜ್, ಆ ದೊಡ್ಡ ತಾಳ. ನಿನ್ನ ಪೆಟ್ಟಿಗೆ ಪೆಟ್ಟು ಕೂಡಿಸಿ ಹೊಡ್ಯಾಕತ್ತಿದ್ನಲ್ಲ, ನಿನ್ನ ಹಿಂದ ನಿಂತು. ಒಂದೂ ತಪ್ಪಲಿಲ್ಲ. ನೀ ನಿಲ್ಲಿಸಿದ ಮ್ಯಾಲೂ ಒಂದು ಸಲ ಹೊಡದ." ನಬೀಸಾಬ್ ಕಪ್ಪು ತೊಳೆಯುತ್ತ ಹೇಳಿದ. "ನಾ ಕೌದಿ ತಗದು ನೋಡ್ಲಿಲ್ಲಪ್ಪ."

ಮೂಕಪ್ಪನಿಗೆ ಯಾವ ಝಾಂಜೂ ಕೇಳಿಸಿರಲಿಲ್ಲ.

ಇದು ನಡೆದದ್ದು. ಮೂಕಪ್ಪ ಸುಳ್ಳು ಕಟ್ಟಿ ಹೇಳುವವನಲ್ಲ, ನಬೀಸಾಬನಿಗೆ ಅದರಿಂದ ಆಗಬೇಕಾದ್ದೂ ಇಲ್ಲ. ಬೇಸಿಗೆ ರಜೆಯಲ್ಲಿ ವಿಶಾಖಾ ಆ ಗ್ರಂಥಾಲಯಕ್ಕೆ ಹೋಗಿ, ಸಂಘ ಹುಟ್ಟಿದ ವರ್ಷದಿಂದ ಕೊನೆಯ ಪುಟದವರೆಗೆ ಎಲ್ಲ ಹೆಸರುಗಳನ್ನೂ ಬೆರಳಿಟ್ಟು ಓದಿದಳು. ಡ್ರಮ್ಮಿನವರಿದ್ದಾರೆ, ಕ್ಲಾರಿನೆಟ್ಟು, ಟ್ರಂಪೆಟ್ಟಿನವರಿದ್ದಾರೆ. ಮಾನ್ವಿಯವರಾಗಲಿ ದೇವದುರ್ಗದವರಾಗಲಿ, ಝಾಂಜ್ ಬಾರಿಸುವವರು ಆ ಸಂಘದಲ್ಲಿ ಯಾವ ಕಾಲಕ್ಕೂ ಇರಲಿಲ್ಲ.